ಟ್ರೇಯಲ್ಲಿ ಎ4, ಡ್ರೈವರಿನಲ್ಲಿ ಲೆಟರ್: ಲಿನಕ್ಸ್ ಪ್ರಿಂಟರಿನ ಸೆಟ್ಟಿಂಗನ್ನು ಟರ್ಮಿನಲ್‌ನಲ್ಲೇ ಸರಿಪಡಿಸಿ

ಉಬುಂಟು ಇರುವ ಕಂಪ್ಯೂಟರಿನಿಂದ ಪ್ರಿಂಟ್ ಕೊಟ್ಟರೆ ಪುಟದ ಕೊನೆಯ ಒಂದೆರಡು ಸಾಲು ಮಾಯ. ಇಲ್ಲವೇ ಟ್ರೇ ತುಂಬ ಎ4 ಹಾಳೆ ಇದ್ದರೂ ಪ್ರಿಂಟರ್ ದೀಪ ಮಿಣುಕಿಸುತ್ತ 'ಲೋಡ್ ಲೆಟರ್' ಎಂದು ಹಟ ಹಿಡಿಯುತ್ತದೆ. ಆಗ ಹೆಚ್ಚಿನವರು ಮಾಡುವುದು ಒಂದೇ ಕೆಲಸ: ಪ್ರಿಂಟರನ್ನು ಡಿಲೀಟ್ ಮಾಡಿ ಮತ್ತೆ ಸೇರಿಸುವುದು. ಅರ್ಧ ದಿನ ಹೋಗುತ್ತದೆ, ಹೊಸದಾಗಿ ಸೇರಿಸಿದ್ದೂ ಹಳೆಯ ತಪ್ಪನ್ನೇ ಹೊತ್ತು ಬರುತ್ತದೆ.

ಕಾರಣ ಸರಳ. ಲಿನಕ್ಸ್‌ನಲ್ಲಿ ಪ್ರಿಂಟಿಂಗ್ ನೋಡಿಕೊಳ್ಳುವ ಕಪ್ಸ್ ತಂತ್ರಾಂಶ, ಹೊಸ ಪ್ರಿಂಟರ್ ಸೇರಿಸುವಾಗ ಕಂಪ್ಯೂಟರಿನ ಭಾಷೆ–ದೇಶದ ಆಯ್ಕೆ ನೋಡಿ ಹಾಳೆಯ ಅಳತೆ ಊಹಿಸುತ್ತದೆ. ಇನ್‌ಸ್ಟಾಲ್ ಮಾಡುವಾಗ ಅಮೆರಿಕದ ಇಂಗ್ಲಿಷನ್ನೇ ಉಳಿಸಿಕೊಂಡು 'ನೆಕ್ಸ್ಟ್' ಒತ್ತಿದವರಿಗೆ ಅಮೆರಿಕದ ಲೆಟರ್ ಅಳತೆ ಗಂಟು ಬೀಳುತ್ತದೆ. ಲೆಟರ್ ಹಾಳೆ 215.9 × 279.4 ಮಿ.ಮೀ., ನಮ್ಮ ಎ4 210 × 297 ಮಿ.ಮೀ. ಉದ್ದದಲ್ಲಿ 17.6 ಮಿ.ಮೀ. ಕಡಿಮೆ. ಮಾಯವಾದ ಸಾಲುಗಳು ಅಲ್ಲಿವೆ.

ಇಲ್ಲಿ ಕಮಾಂಡ್‌ಗಳನ್ನು ಕನ್ನಡ ಅಕ್ಷರದಲ್ಲಿ ಕೊಟ್ಟಿದೆ. ಟೈಪಿಸುವಾಗ ಇಂಗ್ಲಿಷಿನ ಸಣ್ಣಕ್ಷರ ಬಳಸಿ. ದೊಡ್ಡಕ್ಷರ ಬೇಕಾದಲ್ಲಿ ಹೇಳಿದೆ, ಅದನ್ನು ತಪ್ಪಿಸಬೇಡಿ. ಉದಾಹರಣೆಯಲ್ಲಿ ಪ್ರಿಂಟರಿನ ಹೆಸರು 'ಆಫೀಸ್'.

1. ಮೊದಲು ಫೈಲ್ ನೋಡಿ

ಡ್ರೈವರಿಗೆ (ಪ್ರಿಂಟರನ್ನು ನಡೆಸುವ ತಂತ್ರಾಂಶಕ್ಕೆ) ಕೈ ಹಾಕುವ ಮುನ್ನ, ಪ್ರಿಂಟ್ ಕೊಡುವ ಪಿಡಿಎಫ್ ಫೈಲಿನ ಅಳತೆಯೇ ಸರಿಯಿದೆಯೇ ಎಂದು ತಿಳಿಯಬೇಕು.

ಪಿಡಿಎಫ್‌ಇನ್ಫೊ ಫೈಲಿನಹೆಸರು

'ಪೇಜ್ ಸೈಜ್' ಸಾಲಿನಲ್ಲಿ 595 × 842 ಪಾಯಿಂಟ್‌ಗಳ ಆಸುಪಾಸು ಇದ್ದರೆ ಎ4. 612 × 792 ಇದ್ದರೆ ಫೈಲೇ ಲೆಟರ್ ಅಳತೆಯಲ್ಲಿ ತಯಾರಾಗಿದೆ, ಅದನ್ನು ಲಿಬ್ರೆ ಆಫೀಸಿನಲ್ಲೋ ವರ್ಡಿನಲ್ಲೋ ಸರಿಪಡಿಸಿ. ಡ್ರೈವರಿನ ತಪ್ಪೇನಿಲ್ಲ.

ಕನ್ನಡ ಅಕ್ಷರದ ಬದಲು ಚೌಕಗಳು ಅಚ್ಚಾಗುತ್ತಿದ್ದರೂ ಜನ ಡ್ರೈವರ್ ಬದಲಿಸುತ್ತ ಕೂರುತ್ತಾರೆ. ಬೇಡ. 'ಪಿಡಿಎಫ್‌ಫಾಂಟ್ಸ್' ಕಮಾಂಡ್ ಕೊಟ್ಟು 'ಇಎಂಬಿ' ಕಾಲಂ ನೋಡಿ. ಅಲ್ಲಿ 'ನೋ' ಎಂದಿದ್ದರೆ ಫಾಂಟ್ ಫೈಲಿನೊಳಗೆ ಸೇರಿಲ್ಲ, ಯಾವ ಡ್ರೈವರ್ ಬಂದರೂ ಅದು ಅಚ್ಚಾಗುವ ಭರವಸೆಯಿಲ್ಲ. ಫಾಂಟ್ ಸೇರಿಸಿ ಪಿಡಿಎಫನ್ನು ಮತ್ತೆ ತೆಗೆಯಿರಿ.

2. ಹೆಸರು ತಿಳಿಯಿರಿ

ಎಲ್‌ಪಿಸ್ಟ್ಯಾಟ್ -ಪಿ -ಡಿ

ಎಲ್ಲ ಪ್ರಿಂಟರುಗಳ ಹೆಸರು, ಕೊನೆಗೆ ಡಿಫಾಲ್ಟ್ ಯಾವುದೆಂಬುದು ಬರುತ್ತದೆ.

3. ಈಗಿನ ಸೆಟ್ಟಿಂಗ್ ಓದಿ

ಎಲ್‌ಪಿಆಪ್ಷನ್ಸ್ -ಪಿ ಆಫೀಸ್ -ಎಲ್

ಡ್ರೈವರ್ ಒಪ್ಪುವ ಆಯ್ಕೆಗಳೆಲ್ಲ ಸಾಲಾಗಿ ಬರುತ್ತವೆ. ಒಂದು ಸಾಲು ಹೀಗಿರುತ್ತದೆ:

ಪೇಜ್‌ಸೈಜ್/ಮೀಡಿಯಾ ಸೈಜ್: *ಲೆಟರ್ ಎ4 ಲೀಗಲ್

ಓರೆಗೆರೆಯ ಎಡಗಡೆ ಇರುವುದು ನಾವು ಟೈಪಿಸಬೇಕಾದ ಹೆಸರು, ಬಲಗಡೆಯದು ಮನುಷ್ಯರಿಗಾಗಿ. ನಕ್ಷತ್ರ ಇರುವುದು ಈಗ ಜಾರಿಯಲ್ಲಿರುವ ಆಯ್ಕೆ. ಎಡಗಡೆಯ ಹೆಸರನ್ನು ಅಕ್ಷರವೂ ತಪ್ಪದಂತೆ ಬರೆಯಬೇಕು. ಪೇಜ್‌ಸೈಜ್ ಒಂದೇ ಪದ, ಪಿ ಮತ್ತು ಎಸ್ ದೊಡ್ಡಕ್ಷರ. ಒಂದು ಕಂಪನಿಯ ಡ್ರೈವರಿನ ಹೆಸರುಗಳು ಇನ್ನೊಂದರಲ್ಲಿ ಇರಬೇಕೆಂದಿಲ್ಲ, ಆದ್ದರಿಂದ ಇಂಟರ್‌ನೆಟ್‌ನಲ್ಲಿ ಸಿಕ್ಕ ಕಮಾಂಡನ್ನು ಹಾಗೇ ಅಂಟಿಸುವ ಬದಲು ಈ ಪಟ್ಟಿಯಿಂದಲೇ ಹೆಸರು ಎತ್ತಿಕೊಳ್ಳಿ.

4. ಬದಲಿಸುವುದು: ಎಲ್ಲರೂ ಎಡವುವ ಜಾಗ

ಕಮಾಂಡ್ ಇಷ್ಟೇ ('ಸುಡೊ' ಎಂದರೆ ಅಡ್ಮಿನ್ ಅಧಿಕಾರದಲ್ಲಿ ನಡೆಸು ಎಂದರ್ಥ, ಎ4ರ ಎ ದೊಡ್ಡಕ್ಷರ):

ಸುಡೊ ಎಲ್‌ಪಿಅಡ್ಮಿನ್ -ಪಿ ಆಫೀಸ್ -ಒ ಪೇಜ್‌ಸೈಜ್=ಎ4

ಇದನ್ನು ಕೊಟ್ಟ ಮೇಲೂ ಲೆಟರೇ ಬರುತ್ತದೆ ಎಂದು ತಲೆ ಚಚ್ಚಿಕೊಳ್ಳುವವರು ಬಹಳ. ಹಾಳೆಯ ಅಳತೆ ಒಂದೇ ಕಡೆ ಬರೆದಿರುವುದಿಲ್ಲ, ಒಂದರ ಮೇಲೊಂದು ಪದರವಾಗಿ ಕೂತಿರುತ್ತದೆ. ಮೇಲಿನ ಪದರ ಹೇಳಿದ್ದೇ ನಡೆಯುತ್ತದೆ. ಕಪ್ಸ್ 2.4ರ ಮಟ್ಟಿಗೆ ಕೆಳಗಿನಿಂದ ಮೇಲಕ್ಕೆ ಅವು ಹೀಗಿವೆ.

ತಳದಲ್ಲಿ ಪ್ರಿಂಟರಿನ ಪಿಪಿಡಿ ಫೈಲ್, ಅಂದರೆ ಡ್ರೈವರ್ ಒಪ್ಪುವ ಆಯ್ಕೆಗಳನ್ನು ಬರೆದಿಟ್ಟ ಫೈಲ್. ಇದು /ಇಟಿಸಿ/ಕಪ್ಸ್/ಪಿಪಿಡಿ ಫೋಲ್ಡರಿನಲ್ಲಿ ಪ್ರಿಂಟರಿನ ಹೆಸರಿನಲ್ಲೇ ಇರುತ್ತದೆ. ಮೇಲಿನ ಎಲ್‌ಪಿಅಡ್ಮಿನ್ ಕಮಾಂಡ್ ಬದಲಿಸುವುದು ಇದನ್ನು. ಕಂಪ್ಯೂಟರ್ ಬಳಸುವ ಎಲ್ಲರಿಗೂ ಅನ್ವಯ. ಇದನ್ನು ಎಡಿಟರಿನಲ್ಲಿ ತೆರೆದು ಕೈಯಿಂದ ತಿದ್ದುವ ಸಲಹೆ ಅಲ್ಲಲ್ಲಿ ಕಾಣುತ್ತದೆ, ಖಂಡಿತ ಬೇಡ. ಒಂದು ಸಾಲು ಕೆಟ್ಟರೂ ಪ್ರಿಂಟ್ ನಿಲ್ಲುತ್ತದೆ, ನಿಂತದ್ದೇಕೆಂದು ತಿಳಿಯುವುದೂ ಕಷ್ಟ.

ಅದರ ಮೇಲೆ /ಇಟಿಸಿ/ಕಪ್ಸ್/ಎಲ್‌ಪಿಆಪ್ಷನ್ಸ್ ಫೈಲ್. ಯಾರಾದರೂ 'ಸುಡೊ' ಸೇರಿಸಿ ಎಲ್‌ಪಿಆಪ್ಷನ್ಸ್ ಕೊಟ್ಟಿದ್ದರೆ ಅದು ಇಲ್ಲಿ ಕೂರುತ್ತದೆ.

ಅದರ ಮೇಲೆ ಬಳಕೆದಾರರ ಸ್ವಂತ ಫೈಲ್: ಹೋಮ್ ಫೋಲ್ಡರಿನ '.ಕಪ್ಸ್' ಒಳಗಿನ ಎಲ್‌ಪಿಆಪ್ಷನ್ಸ್. ಸುಡೊ ಇಲ್ಲದೆ ಕೊಟ್ಟ ಎಲ್‌ಪಿಆಪ್ಷನ್ಸ್ ಬರೆಯುವುದು ಇಲ್ಲಿಗೆ. ಎಂದೋ ಒಂದು ದಿನ ಪ್ರಯೋಗಕ್ಕೆಂದು ಬರೆದ ಸಾಲು ಇಲ್ಲಿ ಉಳಿದುಹೋದರೆ, ಕೆಳಗೆ ಎಷ್ಟು ಸಲ ಎ4 ಮಾಡಿದರೂ ಆ ಲಾಗಿನ್‌ಗೆ ಮಾತ್ರ ಲೆಟರೇ ಗತಿ. ಶಾಲೆಯ ಲ್ಯಾಬಿನಲ್ಲಿ ಒಬ್ಬರ ಲಾಗಿನ್‌ನಿಂದ ಸರಿಯಾಗಿ, ಇನ್ನೊಬ್ಬರದರಿಂದ ತಪ್ಪಾಗಿ ಪ್ರಿಂಟ್ ಬರುತ್ತಿದ್ದರೆ ಮೊದಲು ನೋಡಬೇಕಾದ್ದು ಇದನ್ನೇ.

ಎಲ್ಲಕ್ಕಿಂತ ಮೇಲೆ, ಪ್ರಿಂಟ್ ಕೊಡುವ ತಂತ್ರಾಂಶ. ಕ್ರೋಮ್ ಹಿಂದಿನ ಸಲ ಆರಿಸಿದ ಅಳತೆಯನ್ನೇ ನೆನಪಿಟ್ಟುಕೊಂಡಿರುತ್ತದೆ. ಹಾಗಾಗಿ ಡ್ರೈವರ್ ಪರೀಕ್ಷಿಸುವಾಗ ಕ್ರೋಮ್‌ನಿಂದ ಪ್ರಿಂಟ್ ಕೊಡಬೇಡಿ, ಟರ್ಮಿನಲ್‌ನಿಂದಲೇ 'ಎಲ್‌ಪಿ -ಡಿ ಆಫೀಸ್ ಫೈಲಿನಹೆಸರು' ಎಂದು ಕೊಡಿ.

ಪದರ ಬಿಡಿಸುವ ಕ್ರಮ ಹೀಗಿರಲಿ. ಎಲ್‌ಪಿಅಡ್ಮಿನ್ ಕೊಟ್ಟ ಬಳಿಕ 3ನೇ ಹಂತದ ಕಮಾಂಡನ್ನು ಮತ್ತೆ ಕೊಡಿ. ಅದು ಎಲ್ಲ ಫೈಲುಗಳನ್ನೂ ಒಟ್ಟುಗೂಡಿಸಿಯೇ ನಕ್ಷತ್ರ ಹಾಕುವುದು. ನಕ್ಷತ್ರ ಎ4 ಪಕ್ಕಕ್ಕೆ ಬಂದಿದ್ದರೆ ಕೆಲಸ ಮುಗಿಯಿತು. ಇನ್ನೂ ಲೆಟರ್ ಪಕ್ಕವೇ ಇದ್ದರೆ ಮೇಲಿನ ಎರಡು ಫೈಲುಗಳಲ್ಲೊಂದು ಅಡ್ಡ ಬಂದಿದೆ:

ಎಲ್‌ಪಿಆಪ್ಷನ್ಸ್ -ಪಿ ಆಫೀಸ್ -ಆರ್ ಪೇಜ್‌ಸೈಜ್

ಇದು ನಿಮ್ಮ ಸ್ವಂತ ಫೈಲಿನಿಂದ ಆ ಒಂದು ಸಾಲನ್ನು ಅಳಿಸುತ್ತದೆ. ಆಮೇಲೂ ಬದಲಾಗದಿದ್ದರೆ ಇದೇ ಕಮಾಂಡನ್ನು ಸುಡೊ ಸೇರಿಸಿ ಕೊಡಿ. ಈ ಎರಡು ಫೈಲುಗಳಲ್ಲಿ 'ಮೀಡಿಯಾ=' ಎಂಬ ಆಯ್ಕೆ ಇದ್ದರೂ ಇದೇ ತೊಂದರೆ, ಅದನ್ನೂ -ಆರ್ ಹಾಕಿ ತೆಗೆಯಿರಿ. ನಕ್ಷತ್ರ ಸರಿಯಿದ್ದೂ ಹಾಳೆ ತಪ್ಪಿದರೆ ದೋಷ ತಂತ್ರಾಂಶದ್ದು, ಇಲ್ಲವೇ ಪ್ರಿಂಟರಿನ ಮೈಮೇಲಿನ ಮೆನುವಿನಲ್ಲಿ ಟ್ರೇ ಅಳತೆ ಲೆಟರ್ ಎಂದೇ ಉಳಿದಿದೆ.

'ಲೀಗಲ್' ಹಾಳೆ ಬಳಸುವವರು ಸ್ಕೇಲ್ ಇಟ್ಟು ಅಳೆದೇ ನಂಬಬೇಕು. ಡ್ರೈವರಿನ ಲೀಗಲ್ ಉದ್ದ 355.6 ಮಿ.ಮೀ. ಅಂಗಡಿಯಲ್ಲಿ ಆ ಹೆಸರಿನಲ್ಲಿ ಸಿಗುವುದು ಅದಕ್ಕಿಂತ ಗಿಡ್ಡವಾಗಿರಬಹುದು. ಡ್ರೈವರ್ ಒಪ್ಪಿದರೆ ಪೇಜ್‌ಸೈಜ್=ಕಸ್ಟಮ್.215x345ಎಂಎಂ ಎಂದು ನಿಮ್ಮ ಹಾಳೆಯ ಅಗಲ–ಉದ್ದ ಬರೆಯಬಹುದು. ಕಸ್ಟಮ್‌ನ ಮೊದಲಕ್ಷರ ದೊಡ್ಡದು.

5. ಎರಡೂ ಬದಿ ಪ್ರಿಂಟ್

'ಡುಪ್ಲೆಕ್ಸ್' ಆಯ್ಕೆಗೆ 'ಡುಪ್ಲೆಕ್ಸ್‌ನೋಟಂಬಲ್' ಕೊಟ್ಟರೆ ಪುಸ್ತಕದಂತೆ, 'ಡುಪ್ಲೆಕ್ಸ್‌ಟಂಬಲ್' ಕೊಟ್ಟರೆ ಗೋಡೆ ಕ್ಯಾಲೆಂಡರಿನಂತೆ ಪುಟ ತಿರುಗುತ್ತದೆ. ಇವುಗಳಲ್ಲಿ ಡಿ, ಎನ್, ಟಿ ದೊಡ್ಡಕ್ಷರ. ಕೊಟ್ಟರೂ ಒಂದೇ ಬದಿ ಬರುತ್ತಿದ್ದರೆ 3ನೇ ಹಂತದ ಪಟ್ಟಿಯಲ್ಲಿ 'ಡುಪ್ಲೆಕ್ಸರ್ ಇನ್‌ಸ್ಟಾಲ್ಡ್' ಎಂಬರ್ಥದ ಸಾಲು ಹುಡುಕಿ. ಅಲ್ಲಿ 'ಫಾಲ್ಸ್' ಎಂದಿದ್ದರೆ ಡ್ರೈವರಿನ ಲೆಕ್ಕದಲ್ಲಿ ನಿಮ್ಮ ಪ್ರಿಂಟರಿಗೆ ಆ ಭಾಗವೇ ಇಲ್ಲ. ಎಲ್‌ಪಿಅಡ್ಮಿನ್‌ನಿಂದ ಅದನ್ನು 'ಟ್ರೂ' ಮಾಡಿ.

ಡುಪ್ಲೆಕ್ಸನ್ನು ಎಲ್ಲರಿಗೂ ಡಿಫಾಲ್ಟ್ ಮಾಡುವುದಕ್ಕಿಂತ ಬೇರೆ ಹೆಸರಲ್ಲಿ ಇಡುವುದೇ ಮೇಲು. 'ಎಲ್‌ಪಿಆಪ್ಷನ್ಸ್ -ಪಿ ಆಫೀಸ್/ಡಬಲ್ -ಒ ಡುಪ್ಲೆಕ್ಸ್=ಡುಪ್ಲೆಕ್ಸ್‌ನೋಟಂಬಲ್' ಎಂದು ಒಮ್ಮೆ ಕೊಟ್ಟರೆ, ಬೇಕೆಂದಾಗ 'ಎಲ್‌ಪಿ -ಡಿ ಆಫೀಸ್/ಡಬಲ್' ಎಂದರೆ ಸಾಕು. ಅರ್ಜಿ ಫಾರಂ ಹಿಂಬದಿಯಲ್ಲಿ ಇನ್ನೊಂದು ಅರ್ಜಿ ಅಚ್ಚಾಗುವ ಫಜೀತಿ ಇರುವುದಿಲ್ಲ.

6. ಹೊಸದಾಗಿ ಸೇರಿಸುವಾಗ

/ಇಟಿಸಿ/ಕಪ್ಸ್ ಫೋಲ್ಡರಿನ 'ಕಪ್ಸ್‌ಡಿ.ಕಾನ್ಫ್' ಫೈಲಿಗೆ 'ಡಿಫಾಲ್ಟ್‌ಪೇಪರ್‌ಸೈಜ್ ಎ4' ಎಂಬ ಸಾಲು ಸೇರಿಸಿ. ಡಿ, ಪಿ, ಎಸ್, ಎ ದೊಡ್ಡಕ್ಷರ. ಆಮೇಲೆ ಕಪ್ಸ್ ಸೇವೆಯನ್ನು ರೀಸ್ಟಾರ್ಟ್ ಮಾಡಿ. ಮುಂದೆ ಸೇರಿಸುವ ಪ್ರಿಂಟರುಗಳು ಸಾಮಾನ್ಯವಾಗಿ ಎ4 ಆಗಿಯೇ ಬರುತ್ತವೆ, ಹಳೆಯವು ಬದಲಾಗುವುದಿಲ್ಲ.

ಪ್ರಿಂಟರ್ ಸೇರಿಸುವುದೂ ಎಲ್‌ಪಿಅಡ್ಮಿನ್ ಕಮಾಂಡಿನಿಂದಲೇ, ಅದರಲ್ಲಿ ದೊಡ್ಡಕ್ಷರದ -ಇ ಎಲ್ಲಿದೆ ಎಂಬುದು ಮುಖ್ಯ. -ಪಿಯ ನಂತರ ಇದ್ದರೆ ಪ್ರಿಂಟರ್ ಚಾಲೂ ಆಗುತ್ತದೆ. -ಪಿಗಿಂತ ಮೊದಲೇ ಬರೆದರೆ ಅದರ ಅರ್ಥ ಬೇರೆ, ಸರ್ವರ್ ಜೊತೆ ಎನ್‌ಕ್ರಿಪ್ಟ್ ಮಾಡಿ ಮಾತಾಡು ಎಂದಷ್ಟೇ. ದೋಷದ ಸಂದೇಶವೇನೂ ಬರುವುದಿಲ್ಲ, ಪ್ರಿಂಟರ್ ಮಾತ್ರ ಕೆಲಸ ಮಾಡುವುದಿಲ್ಲ.

ಈಚಿನ ನೆಟ್‌ವರ್ಕ್ ಪ್ರಿಂಟರುಗಳಿಗೆ '-ಎಂ ಎವ್ರಿವೇರ್' ಎಂದರೆ ಸಾಕು, ಕಂಪನಿಯ ಡ್ರೈವರ್ ಬೇಡ. ಸೆಕೆಂಡ್ ಹ್ಯಾಂಡ್ ಕೊಳ್ಳುವವರು ಹುಷಾರು: ಕ್ಯಾನನ್ ಎಲ್‌ಬಿಪಿ 2900ರಂಥ ಯಂತ್ರ ಗಟ್ಟಿ, ಆದರೆ ಅದರ ಕ್ಯಾಪ್ಟ್ ಡ್ರೈವರ್ ಲಿನಕ್ಸ್‌ನಲ್ಲಿ ಪ್ರತ್ಯೇಕ ಹಿನ್ನೆಲೆ ಸೇವೆಯನ್ನೂ ಹಳೆಯ 32 ಬಿಟ್ ಲೈಬ್ರರಿಗಳನ್ನೂ ಕೇಳುತ್ತದೆ. ಲಿನಕ್ಸ್‌ಗೆಂದೇ ಕೊಳ್ಳುವುದಾದರೆ ಅದನ್ನು ಬಿಡಿ.

7. ನಿಂತುಹೋದ ಪ್ರಿಂಟರ್

ಹಾಳೆ ಸಿಕ್ಕದೆಯೋ ಕೇಬಲ್ ಕಳಚಿಯೋ ಒಮ್ಮೆ ತಪ್ಪಿದರೆ ಕೆಲವು ಕಂಪ್ಯೂಟರುಗಳಲ್ಲಿ ಕಪ್ಸ್ ಪ್ರಿಂಟರನ್ನೇ ನಿಲ್ಲಿಸಿಬಿಡುತ್ತದೆ. ಎಲ್‌ಪಿಸ್ಟ್ಯಾಟ್ -ಪಿ ಕೊಟ್ಟಾಗ 'ಡಿಸೇಬಲ್ಡ್' ಎಂದು ತೋರಿಸುತ್ತದೆ. ಮೊದಲು 'ಕ್ಯಾನ್ಸಲ್ -ಎ ಆಫೀಸ್' ಕೊಟ್ಟು ಕಾಯುತ್ತಿರುವ ಕೆಲಸಗಳನ್ನು ಅಳಿಸಿ, ಆಮೇಲೆ 'ಸುಡೊ ಕಪ್ಸ್‌ಎನೇಬಲ್ ಆಫೀಸ್'. ಕ್ರಮ ತಿರುಗಿಸಿದರೆ ಲೆಟರ್ ಅಳತೆಯಲ್ಲಿ ಕಳಿಸಿದ್ದ ಹಳೆಯ ಕೆಲಸಗಳೇ ಮೊದಲು ಹೊರಟು, ಪ್ರಿಂಟರ್ ಮತ್ತೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಲವರು ಬಳಸುವ ಕಡೆ ಎಲ್‌ಪಿಅಡ್ಮಿನ್‌ಗೆ '-ಒ ಪ್ರಿಂಟರ್-ಎರರ್-ಪಾಲಿಸಿ=ಅಬಾರ್ಟ್-ಜಾಬ್' ಎಂದು ಸೇರಿಸಿಡಿ. ಕೆಟ್ಟ ಕೆಲಸ ಒಂದು ರದ್ದಾಗುತ್ತದೆ, ಹಿಂದಿನವು ಮುಂದಕ್ಕೆ ಸಾಗುತ್ತವೆ. ರದ್ದಾದವರು ಮತ್ತೊಮ್ಮೆ ಪ್ರಿಂಟ್ ಕೊಡಬೇಕು.