ಅಮೆರಿಕದ ನಾಗರಿಕ ಹಕ್ಕುಗಳ ಇತಿಹಾಸವನ್ನು ಓದುವುದು ಹೇಗೆ: ಮತದ ಜಾಡು ಹಿಡಿಯಿರಿ

ಅಮೆರಿಕದ ಅಂತರ್ಯುದ್ಧವನ್ನೂ ನಾಗರಿಕ ಹಕ್ಕುಗಳ ಹೋರಾಟವನ್ನೂ ಓದಲು ಹೊರಟವರು ಹೆಚ್ಚಾಗಿ ಎರಡೇ ಕಡೆ ನಿಲ್ಲುತ್ತಾರೆ: 1863ರಲ್ಲಿ ಗುಲಾಮರ ಬಿಡುಗಡೆಯನ್ನು ಘೋಷಿಸಿದ ಲಿಂಕನ್, 1963ರ ಮಾರ್ಟಿನ್ ಲೂಥರ್ ಕಿಂಗ್. ನಡುವಿನ ನೂರು ವರ್ಷಗಳನ್ನು ಹಾರಿ ದಾಟಿಬಿಡುತ್ತಾರೆ. ನಾನು ಕಾಲೇಜಿನಲ್ಲಿ ಈ ವಿಷಯವನ್ನು ಪಾಠ ಮಾಡುವವಳು. ಆ ನೂರು ವರ್ಷಗಳನ್ನು ಬಿಟ್ಟರೆ ಎರಡು ತುದಿಗಳೂ ಅರ್ಥವಾಗುವುದಿಲ್ಲ ಎಂದು ಗಟ್ಟಿಯಾಗಿ ನಂಬಿದ್ದೇನೆ. ಆದ್ದರಿಂದ ನನ್ನ ವಿದ್ಯಾರ್ಥಿಗಳಿಗೆ ಹೇಳಿಕೊಡುವ ದಾರಿಯನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮತದಾನದ ಹಕ್ಕು ಒಂದನ್ನೇ ಆರಿಸಿಕೊಳ್ಳಿ. ಅದು ಕಾಗದದಿಂದ ಹೊರಟು ಮನುಷ್ಯನ ಕೈ ಸೇರುವವರೆಗೂ ಅದರ ಬೆನ್ನು ಬಿಡಬೇಡಿ.

ಒಂದು ನೋಟ್‌ಬುಕ್ಕಿನಲ್ಲಿ ನಾಲ್ಕು ಕಾಲಂ ಎಳೆದುಕೊಳ್ಳಿ. ಕಾನೂನು ಏನು ಹೇಳಿತು, ಅದನ್ನು ನಿರಾಕರಿಸುವ ಅಧಿಕಾರ ಯಾರ ಕೈಯಲ್ಲಿತ್ತು, ಜಗಳ ಬಂದಾಗ ತೀರ್ಪು ಕೊಟ್ಟವರು ಯಾರು, ಜಾರಿ ಮಾಡಲು ಸ್ಥಳಕ್ಕೆ ಬಂದವರು ಯಾರು. ಪ್ರತಿ ಘಟನೆಗೂ ನಾಲ್ಕನ್ನೂ ತುಂಬಿ. ನಾಲ್ಕನೆಯ ಕಾಲಂ ಖಾಲಿ ಉಳಿದ ವರ್ಷಗಳ ಪಕ್ಕದಲ್ಲಿ ಕೆಂಪು ಗೆರೆ ಹಾಕಿ. ಮುಂದೆ ಅದೇ ನಿಮಗೆ ದಾರಿ ತೋರಿಸುತ್ತದೆ.

ಮೊದಲು ಸಂವಿಧಾನದ 13, 14 ಮತ್ತು 15ನೇ ತಿದ್ದುಪಡಿಗಳನ್ನು ಓದಿ. 1865, 1868 ಮತ್ತು 1870ರಲ್ಲಿ ಜಾರಿಗೆ ಬಂದ ಇವುಗಳ ಸಾರಾಂಶ ಎಲ್ಲ ಕಡೆ ಸಿಗುತ್ತದೆ, ಅದು ಸಾಲದು. ಮೂಲ ಪಾಠ ಅಮೆರಿಕದ ರಾಷ್ಟ್ರೀಯ ಪತ್ರಾಗಾರದ ಜಾಲತಾಣದಲ್ಲಿದೆ. ಓದುವಾಗ ವಿನಾಯಿತಿ ಎಲ್ಲಿದೆ ಎಂದು ಹುಡುಕಿ. 13ನೆಯದು ಗುಲಾಮಗಿರಿಯನ್ನು ರದ್ದುಮಾಡುತ್ತದೆ, ಆದರೆ ಅಪರಾಧಕ್ಕೆ ಕೊಡುವ ಶಿಕ್ಷೆಯಾಗಿ ಬಲವಂತದ ದುಡಿಮೆಗೆ ಅವಕಾಶ ಉಳಿಸುತ್ತದೆ. ಅದೇ 1865ರ ನವೆಂಬರ್‌ನಲ್ಲಿ ಮಿಸಿಸಿಪಿ ರಾಜ್ಯ ಮಾಡಿದ ಅಲೆಮಾರಿತನದ ಕಾನೂನನ್ನು ಇದರ ಪಕ್ಕದಲ್ಲಿಟ್ಟು ನೋಡಿ. ಬಿಡುಗಡೆಯಾದ ಕಪ್ಪು ಮನುಷ್ಯನಿಗೆ ಜನವರಿಯ ಹೊತ್ತಿಗೆ ಕೆಲಸವಿಲ್ಲದಿದ್ದರೆ ಅದೇ ಅಪರಾಧ, 50 ಡಾಲರ್‌ವರೆಗೆ ದಂಡ. ಐದು ದಿನದಲ್ಲಿ ಕಟ್ಟಲಾಗದಿದ್ದರೆ, ದಂಡ ತೆತ್ತವನ ಬಳಿ ದುಡಿಯಲು ಶೆರಿಫ್ ಅವನನ್ನು ಒಪ್ಪಿಸಬಹುದಿತ್ತು.

15ನೇ ತಿದ್ದುಪಡಿಯನ್ನು ಎರಡು ಸಲ ಓದಿ. ಎಲ್ಲರಿಗೂ ಮತವಿದೆ ಎಂದು ಅದು ಎಲ್ಲಿಯೂ ಹೇಳುವುದಿಲ್ಲ. ಜನಾಂಗ, ಬಣ್ಣ ಅಥವಾ ಹಿಂದಿನ ಗುಲಾಮಗಿರಿಯ ಕಾರಣಕ್ಕೆ ಮತವನ್ನು ನಿರಾಕರಿಸಬಾರದು ಎಂದಷ್ಟೇ ಹೇಳುತ್ತದೆ. ಬೇರೆ ಕಾರಣಗಳ ಬಾಗಿಲು ತೆರೆದೇ ಉಳಿಯಿತು. ಹೆಂಗಸರಿಗಂತೂ 1920ರವರೆಗೆ ಸಂವಿಧಾನದಲ್ಲಿ ಆ ಭರವಸೆಯೂ ಇರಲಿಲ್ಲ.

ಇಲ್ಲಿಂದ ನೇರವಾಗಿ ಇಪ್ಪತ್ತನೆಯ ಶತಮಾನಕ್ಕೆ ಜಿಗಿಯಬೇಡಿ. 1870ರ ದಶಕದಲ್ಲಿ ನಿಧಾನಿಸಿ. ಆ ವರ್ಷಗಳಲ್ಲಿ ದಕ್ಷಿಣದ ಕಪ್ಪು ಗಂಡಸರು ನಿಜವಾಗಿಯೂ ಮತ ಹಾಕಿದರು, ಗೆದ್ದರು, ಶಾಸನ ಸಭೆಗಳಲ್ಲಿ ಕುಳಿತರು. 1870ರಲ್ಲಿ ಹಿರಮ್ ರೆವೆಲ್ಸ್ ಮಿಸಿಸಿಪಿಯಿಂದಲೇ ಸೆನೆಟ್‌ಗೆ ಬಂದರು. ಬಿಳಿಯರ ಗುಪ್ತ ಸಂಘಟನೆಯಾದ ಕು ಕ್ಲಕ್ಸ್ ಕ್ಲಾನ್‌ನ ಹಿಂಸೆಯನ್ನು ಅಡಗಿಸಲು 1871ರಲ್ಲಿ ಅಧ್ಯಕ್ಷ ಗ್ರಾಂಟ್ ದಕ್ಷಿಣ ಕೆರೊಲಿನಾದ ಒಂಬತ್ತು ಕೌಂಟಿಗಳಲ್ಲಿ (ನಮ್ಮ ಜಿಲ್ಲೆಗಳಂಥವು) ಹೇಬಿಯಸ್ ಕಾರ್ಪಸ್, ಅಂದರೆ ಬಂಧಿತನನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಹಕ್ಕನ್ನು, ಅಮಾನತು ಮಾಡಿ ಸೈನ್ಯವನ್ನು ಬಳಸಿದರು. ನಾಲ್ಕನೆಯ ಕಾಲಂ ಇಲ್ಲಿ ತುಂಬಿರುತ್ತದೆ. ಸೋಲು ಮೊದಲೇ ಬರೆದಿಟ್ಟಂತಿತ್ತು ಎಂದು ಯಾರಾದರೂ ಹೇಳಿದರೆ ಈ ಪುಟವನ್ನು ತೋರಿಸಿ.

ಮುಂದಿನದು ನ್ಯಾಯಾಲಯದ ತೀರ್ಪು. ತೀರ್ಪನ್ನು ಓದುವ ಕ್ರಮ ಒಂದಿದೆ: ತತ್ವವನ್ನು ಆಮೇಲೆ ನೋಡಿ, ಮೊದಲು ನಡೆದದ್ದನ್ನು ತಿಳಿಯಿರಿ. 1873ರ ಈಸ್ಟರ್ ಭಾನುವಾರ ಲೂಸಿಯಾನದ ಕಾಲ್‌ಫ್ಯಾಕ್ಸ್‌ನಲ್ಲಿ, ಚುನಾವಣೆಯ ವಿವಾದದಲ್ಲಿ ನ್ಯಾಯಾಲಯದ ಕಟ್ಟಡವನ್ನು ಕಾಯುತ್ತಿದ್ದ ಕಪ್ಪು ಜನರನ್ನು ಬಿಳಿಯರ ಸಶಸ್ತ್ರ ಗುಂಪು ಕೊಂದಿತು, ಶರಣಾದವರನ್ನೂ ಬಿಡಲಿಲ್ಲ. ಒಕ್ಕೂಟದ ನ್ಯಾಯಾಲಯದಲ್ಲಿ ತಪ್ಪಿತಸ್ಥರೆಂದು ನಿರ್ಣಯವಾದದ್ದು ಮೂವರ ಮೇಲೆ ಮಾತ್ರ. 1876ರ ಕ್ರುಕ್‌ಶ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಅವರನ್ನೂ ಉಳಿಸಿತು. ಎಲ್ಲರಿಗೂ ಕಾನೂನಿನ ಸಮಾನ ರಕ್ಷಣೆ ಕೊಡಬೇಕೆನ್ನುವ 14ನೇ ತಿದ್ದುಪಡಿ ಕಟ್ಟಿಹಾಕುವುದು ರಾಜ್ಯಗಳನ್ನು, ಖಾಸಗಿ ವ್ಯಕ್ತಿಗಳನ್ನಲ್ಲ ಎಂಬುದು ಅದರ ಒಂದು ಮುಖ್ಯ ತರ್ಕ. ಕಾಲ್‌ಫ್ಯಾಕ್ಸ್ ಗೊತ್ತಿಲ್ಲದೆ ಈ ವಾಕ್ಯವನ್ನು ಓದಿದರೆ ಸಾಧಾರಣ ಕಾನೂನು ಸೂಕ್ಷ್ಮದಂತೆ ಕಾಣುತ್ತದೆ. ಗೊತ್ತಿದ್ದು ಓದಿದರೆ ಕೈ ನಡುಗುತ್ತದೆ. ಮರುವರ್ಷ, 1877ರಲ್ಲಿ, ದಕ್ಷಿಣದ ಕೊನೆಯ ಎರಡು ರಾಜ್ಯ ಸರ್ಕಾರಗಳಿಗೆ ಕಾವಲಾಗಿದ್ದ ಒಕ್ಕೂಟದ ಸೈನಿಕರೂ ಹಿಂದೆ ಸರಿದರು. ಕೆಂಪು ಗೆರೆ ಇಲ್ಲಿಂದ ಶುರುವಾಗುತ್ತದೆ.

ಈ ಹಂತದಲ್ಲಿ ತರಗತಿಯಲ್ಲಿ ತಪ್ಪದೆ ಒಂದು ಪ್ರಶ್ನೆ ಬರುತ್ತದೆ: “ಮೇಡಂ, ಹಾಗಾದರೆ 15ನೇ ತಿದ್ದುಪಡಿಯನ್ನು ರದ್ದುಮಾಡಿದರೇ?” ಇಲ್ಲ, ಒಂದಕ್ಷರವೂ ಅಳಿಯಲಿಲ್ಲ. ಅದಕ್ಕಾಗಿಯೇ ಈಗ ರಾಜ್ಯಗಳ ಸಂವಿಧಾನಕ್ಕೆ ಇಳಿಯಬೇಕು. ಮಿಸಿಸಿಪಿಯ 1890ರ ಸಂವಿಧಾನವನ್ನು ತೆಗೆದುಕೊಳ್ಳಿ. ಮತ ಹಾಕಬೇಕಾದರೆ ವರ್ಷಕ್ಕೆ ಎರಡು ಡಾಲರ್ ಮತ ತೆರಿಗೆ ಕಟ್ಟಬೇಕು. ರಾಜ್ಯ ಸಂವಿಧಾನದ ಯಾವುದಾದರೂ ಭಾಗವನ್ನು ಓದಬೇಕು, ಇಲ್ಲವೆ ಓದಿದ್ದನ್ನು ಕೇಳಿ ಅರ್ಥ ಹೇಳಬೇಕು. ಅರ್ಥ ಸರಿಯೋ ತಪ್ಪೋ ಎಂದು ತೀರ್ಮಾನಿಸುವವನು ನೋಂದಣಿ ಅಧಿಕಾರಿ. ಈ ನಿಯಮಗಳಲ್ಲಿ ಬಣ್ಣದ ಮಾತೇ ಇಲ್ಲ. 1898ರಲ್ಲಿ ಸುಪ್ರೀಂ ಕೋರ್ಟ್ ಇವನ್ನು ಒಪ್ಪಿಕೊಂಡಿತು. ಅದೇ ವರ್ಷ ಲೂಸಿಯಾನ ಇನ್ನೊಂದು ಹೆಜ್ಜೆ ಮುಂದೆ ಹೋಗಿ, 1867ರ ಜನವರಿ 1ಕ್ಕೆ ಮುಂಚೆ ತಂದೆಗೋ ಅಜ್ಜನಿಗೋ ಮತವಿದ್ದವರಿಗೆ ಅಕ್ಷರ ಮತ್ತು ಆಸ್ತಿಯ ಪರೀಕ್ಷೆಗಳಿಂದ ವಿನಾಯಿತಿ ಕೊಟ್ಟಿತು. ಅಲ್ಲಿ 1896ರಲ್ಲಿ 1,30,000ಕ್ಕೂ ಹೆಚ್ಚು ಕಪ್ಪು ಮತದಾರರು ನೋಂದಣಿಯಾಗಿದ್ದರು. 1904ರಲ್ಲಿ ಉಳಿದವರು 1,400ಕ್ಕೂ ಕಡಿಮೆ. ಅಂಕಿಯನ್ನು ಬರೆದುಕೊಳ್ಳುವಾಗ ಯಾವ ರಾಜ್ಯ, ಯಾವ ವರ್ಷ ಎಂಬುದನ್ನು ಜೊತೆಗೇ ಬರೆಯಿರಿ. “ದಕ್ಷಿಣದಲ್ಲಿ ಮತದಾರರು ಕಡಿಮೆಯಾದರು” ಎಂಬ ವಾಕ್ಯದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಅಜ್ಜನ ನಿಯಮ ಸುಪ್ರೀಂ ಕೋರ್ಟಿನಲ್ಲಿ 1915ರಲ್ಲಿ ಬಿತ್ತು, ಪಕ್ಷದ ಅಭ್ಯರ್ಥಿಯನ್ನು ಆರಿಸುವ, ಬಿಳಿಯರಿಗೆ ಮಾತ್ರ ಮೀಸಲಾಗಿದ್ದ ಒಳಚುನಾವಣೆ 1944ರಲ್ಲಿ ಬಿತ್ತು. ಇವನ್ನು ಒಂದೊಂದು ಸಾಲಿನಲ್ಲಿ ಬರೆದುಕೊಂಡರೆ ಸಾಕು. ಸಮಯವನ್ನು ಕೌಂಟಿ ಕಚೇರಿಗೆ ಉಳಿಸಿಕೊಳ್ಳಿ, ಏಕೆಂದರೆ ಹಕ್ಕು ಸಿಕ್ಕಿಹಾಕಿಕೊಂಡಿದ್ದು ಅಲ್ಲಿನ ಮೇಜಿನ ಮುಂದೆ.

ಮಿಸಿಸಿಪಿಯ ತೋಟದ ಕೆಲಸಗಾರ್ತಿ ಫ್ಯಾನಿ ಲೂ ಹೇಮರ್ ಅವರ ಸಾಕ್ಷ್ಯವನ್ನು ಪೂರ್ತಿ ಓದಿ, ಸಾಧ್ಯವಾದರೆ ಅವರ ದನಿಯಲ್ಲೇ ಕೇಳಿ. 1962ರ ಆಗಸ್ಟ್ 31ರಂದು ಅವರು ಇತರರೊಡನೆ ಬಸ್ಸಿನಲ್ಲಿ ಮಿಸಿಸಿಪಿಯ ಇಂಡಿಯನೋಲಾಕ್ಕೆ ಹೆಸರು ನೋಂದಾಯಿಸಲು ಹೋದರು. ಹಿಂತಿರುಗುವಾಗ ಬಸ್ಸಿನ ಬಣ್ಣ ಸರಿಯಿಲ್ಲ ಎಂಬ ಆರೋಪ ಹೊರಿಸಿ ಚಾಲಕನಿಗೆ ದಂಡ ಹಾಕಿದರು. ಹದಿನೆಂಟು ವರ್ಷ ದುಡಿದಿದ್ದ ತೋಟದಿಂದ ಹೇಮರ್ ಅವರನ್ನು ಅಂದೇ ಹೊರಹಾಕಲಾಯಿತು. 1964ರ ಆಗಸ್ಟ್‌ನಲ್ಲಿ ಅಟ್ಲಾಂಟಿಕ್ ಸಿಟಿಯಲ್ಲಿ, ಡೆಮಾಕ್ರಟಿಕ್ ಪಕ್ಷದ ಸಮಾವೇಶದ ಸಮಿತಿಯ ಮುಂದೆ ಇದನ್ನೆಲ್ಲ ಹೇಳಿದರು. ಎರಡನೆಯ ಕಾಲಂನಲ್ಲಿ ಈಗ ಅಧಿಕಾರಿಯೊಬ್ಬನೇ ಇಲ್ಲ. ತೋಟದ ಮಾಲೀಕನೂ ಪೊಲೀಸನೂ ಸೇರಿಕೊಂಡಿದ್ದಾರೆ.

ಸೆಲ್ಮಾ ಪಟ್ಟಣವನ್ನೂ ಹೀಗೆಯೇ ಓದಿ. ಮತದ ಹಕ್ಕಿಗಾಗಿ ಮೆರವಣಿಗೆ ಹೊರಟವರನ್ನು ಪೊಲೀಸರು ಸೇತುವೆಯ ಬಳಿ ಹೊಡೆದ ಚಿತ್ರಗಳು ಎಲ್ಲರಿಗೂ ಗೊತ್ತು. ಅಲಬಾಮಾದ ಆ ಡಲ್ಲಾಸ್ ಕೌಂಟಿಯಲ್ಲಿ ನೋಂದಣಿ ಕಚೇರಿ ತೆರೆಯುತ್ತಿದ್ದುದು ತಿಂಗಳಿಗೆ ಎರಡೇ ದಿನ, ಮತದ ವಯಸ್ಸಿನ ಕಪ್ಪು ಜನರಲ್ಲಿ ನೋಂದಣಿಯಾಗಿದ್ದವರು ನೂರಕ್ಕೆ ಸುಮಾರು ಇಬ್ಬರು ಎಂಬುದು ಗೊತ್ತಿದ್ದರೆ 1965ರ ಮಾರ್ಚ್ 7ರಂದು ಜಾನ್ ಲೂಯಿಸ್ ಮತ್ತು ಸಂಗಡಿಗರು ಲಾಠಿಗಳಿಗೆ ಏಕೆ ಎದುರಾದರು ಎಂಬುದು ಮನಸ್ಸಿಗೆ ಇಳಿಯುತ್ತದೆ. ಆಗಸ್ಟ್ 6ರಂದು ಅಧ್ಯಕ್ಷ ಜಾನ್ಸನ್ ಮತದಾನ ಹಕ್ಕುಗಳ ಕಾಯ್ದೆಗೆ ಸಹಿ ಹಾಕಿದರು. ಒಕ್ಕೂಟ ಸರ್ಕಾರವೇ ಪರೀಕ್ಷಕರನ್ನು ಕೌಂಟಿಗಳಿಗೆ ಕಳುಹಿಸಿ ಹೆಸರು ಬರೆಸಿಕೊಂಡಿತು. ಮಿಸಿಸಿಪಿಯಲ್ಲಿ ಶೇ. 6.7ರಷ್ಟಿದ್ದ ಕಪ್ಪು ಜನರ ನೋಂದಣಿ 1967ರ ಹೊತ್ತಿಗೆ ಶೇ. 59.8ಕ್ಕೆ ಏರಿತು. ತೊಂಬತ್ತೈದು ವರ್ಷದಿಂದ ಇದ್ದದ್ದು ಅದೇ 15ನೇ ತಿದ್ದುಪಡಿ; ಬದಲಾದದ್ದು ನಾಲ್ಕನೆಯ ಕಾಲಂ.

ಕೊನೆಯ ಅಭ್ಯಾಸವಾಗಿ 2013ರ ಶೆಲ್ಬಿ ಕೌಂಟಿ ತೀರ್ಪನ್ನು ನೀವೇ ತುಂಬಿ. ಬಹುಮತದ ಅಭಿಪ್ರಾಯ, ನ್ಯಾಯಮೂರ್ತಿ ಗಿನ್ಸ್‌ಬರ್ಗ್ ಅವರ ಭಿನ್ನಮತ ಎರಡನ್ನೂ ಓದಿ. ಮತದಾನದ ನಿಯಮ ಬದಲಿಸುವ ಮುನ್ನ ಕೆಲವು ರಾಜ್ಯಗಳು ಒಕ್ಕೂಟದ ಒಪ್ಪಿಗೆ ಪಡೆಯಬೇಕು ಎನ್ನುವ 5ನೇ ಸೆಕ್ಷನ್ 1965ರ ಆ ಕಾಯ್ದೆಯಲ್ಲಿ ಹಾಗೆಯೇ ಇದೆ. ಯಾವ ರಾಜ್ಯಗಳು ಎಂದು ಗುರುತಿಸುವ 4ನೇ ಸೆಕ್ಷನ್ನಿನ ಸೂತ್ರವನ್ನು ಕೋರ್ಟ್ 5–4ರಿಂದ ತೆಗೆದುಹಾಕಿತು. ಮೊದಲ ಮತ್ತು ನಾಲ್ಕನೆಯ ಕಾಲಂಗಳಲ್ಲಿ ಏನು ಬರೆಯುತ್ತೀರಿ ಎಂದು ನಿರ್ಧರಿಸುವ ಮುನ್ನ ಕಾಲ್‌ಫ್ಯಾಕ್ಸ್‌ನ ಪುಟವನ್ನು ಇನ್ನೊಮ್ಮೆ ತೆರೆದು ಪಕ್ಕದಲ್ಲಿಟ್ಟುಕೊಳ್ಳಿ.