ಚೀನಾದ ಒಂದು ‘ಜಿಯೆದಾವೊ’ ಅರ್ಥ ಮಾಡಿಕೊಳ್ಳುವುದು ಹೇಗೆ?
ಶೆನ್‌ಝೆನ್ ಹೊರವಲಯದ ಬುಜಿಯ ವಿಳಾಸ ಹಿಡಿದು ಹೊರಟರೆ ಆಡಳಿತವೂ ತಿಳಿಯುತ್ತದೆ, ಇತಿಹಾಸವೂ ತಿಳಿಯುತ್ತದೆ

ಚೀನಾದಲ್ಲಿ ಓದಲು, ಕೆಲಸ ಮಾಡಲು ಹೋದವರಿಗೆ ‘ಜಿಯೆದಾವೊ’ ಎಂಬ ಮಾತು ಬೇಗ ಎದುರಾಗುತ್ತದೆ. ನಗರ ಜಿಲ್ಲೆಯ ಕೆಳಗಿನ ಉಪವಿಭಾಗ ಅದು. ದೇಶದಲ್ಲಿ ಇಂಥವು 8 ಸಾವಿರಕ್ಕೂ ಜಾಸ್ತಿ ಇವೆ. ಎಲ್ಲವನ್ನೂ ಒಟ್ಟಿಗೆ ತಿಳಿಯಲು ಹೊರಟರೆ ತಲೆ ಕೆಡುತ್ತದೆ. ಒಂದೇ ಒಂದನ್ನು ಆರಿಸಿಕೊಳ್ಳಿ. ನಾನು ಬುಜಿಯನ್ನು ಆರಿಸಿಕೊಂಡಿದ್ದೇನೆ. ಹಳ್ಳಿ, ರೈಲು, ಗಡಿ, ಕಾರ್ಖಾನೆ, ಮೆಟ್ರೊ ಎಲ್ಲವೂ ಈ ಒಂದೇ ಜಾಗದಲ್ಲಿ ಸಿಗುತ್ತವೆ.

ಹೆಜ್ಜೆ 1: ವಿಳಾಸವನ್ನು ದೊಡ್ಡದರಿಂದ ಚಿಕ್ಕದಕ್ಕೆ ಓದಿ

ಗುವಾಂಗ್‌ಡಾಂಗ್ ಪ್ರಾಂತ್ಯ, ಶೆನ್‌ಝೆನ್ ನಗರ, ಲಾಂಗ್‌ಗಾಂಗ್ ಜಿಲ್ಲೆ, ಬುಜಿ ಜಿಯೆದಾವೊ, ದಾಫೆನ್ ಶೆಚ್ಯು (ಜಿಯೆದಾವೊ ಕೆಳಗಿನ ಬಡಾವಣೆ). ಚೀನೀ ವಿಳಾಸ ಬರೆಯುವುದೇ ಈ ಕ್ರಮದಲ್ಲಿ. ಇಲ್ಲಿ ಜಿಲ್ಲೆ ನಗರದ ಒಳಗಿದೆ ಎಂಬುದನ್ನು ಗಮನಿಸಿ. 2020ರ ಜನಗಣತಿಯಲ್ಲಿ ಶೆನ್‌ಝೆನ್‌ನಲ್ಲಿದ್ದವರು ಸುಮಾರು 1.75 ಕೋಟಿ ಜನ. ಲಾಂಗ್‌ಗಾಂಗ್ ಒಂದರಲ್ಲೇ ಸುಮಾರು 40 ಲಕ್ಷ. ಇಷ್ಟು ಜನರ ದಿನದ ಕೆಲಸವನ್ನು ಜಿಲ್ಲಾ ಕಚೇರಿಯೊಂದೇ ನೋಡಿಕೊಳ್ಳಲು ಆಗುವುದಿಲ್ಲ. ಅದಕ್ಕೇ ಜಿಯೆದಾವೊ ಬೇಕು.

ಹೆಜ್ಜೆ 2: ಸರ್ಕಾರ ಯಾವುದು, ಕಚೇರಿ ಯಾವುದು ಎಂದು ಬೇರೆ ಮಾಡಿ

ಜಾಸ್ತಿ ಜನ ಗೊಂದಲ ಮಾಡಿಕೊಳ್ಳುವುದು ಇಲ್ಲೇ. ಪ್ರಾಂತ್ಯ, ನಗರ, ಜಿಲ್ಲೆ ಇವೆಲ್ಲ ಸರ್ಕಾರದ ಹಂತಗಳು. ಹಳ್ಳಿಗಾಡಿನ ಕಡೆ ಪಟ್ಟಣಕ್ಕೂ ತನ್ನದೇ ಸರ್ಕಾರವಿದೆ, ಜನರೇ ನೇರವಾಗಿ ಆರಿಸಿದ ಜನ ಪ್ರತಿನಿಧಿ ಸಭೆಯೂ ಇದೆ. ಜಿಯೆದಾವೊ ಹಾಗಲ್ಲ. ಅದು ಜಿಲ್ಲಾ ಸರ್ಕಾರ ಇಟ್ಟಿರುವ ಒಂದು ಕಚೇರಿ. ಅದಕ್ಕೆ ಸ್ವಂತ ಪ್ರತಿನಿಧಿ ಸಭೆ ಇಲ್ಲ. ಕಚೇರಿಯ ಮುಖ್ಯಸ್ಥರನ್ನು ಮೇಲಿನಿಂದ ನೇಮಿಸುತ್ತಾರೆ. ಪಕ್ಕದಲ್ಲೇ ಕಮ್ಯುನಿಸ್ಟ್ ಪಕ್ಷದ ಕಾರ್ಯ ಸಮಿತಿ ಇರುತ್ತದೆ. ಕೊನೆಯ ಮಾತು ಅದರ ಕಾರ್ಯದರ್ಶಿಯದು.

ಈ ಏರ್ಪಾಡಿಗೆ ಕಾನೂನಿನ ರೂಪ ಬಂದದ್ದು 1954ರ ಡಿಸೆಂಬರ್ 31ರಂದು. ಒಂದು ಲಕ್ಷಕ್ಕಿಂತ ಜಾಸ್ತಿ ಜನರಿರುವ ನಗರಗಳಲ್ಲಿ ಇಂಥ ಕಚೇರಿ ಇರಬೇಕು ಎಂದಿತು ಆ ನಿಯಮ. ಕಾರ್ಖಾನೆ, ಕಚೇರಿ, ಶಾಲೆಗೆ ಸೇರಿದವರನ್ನು ಆಯಾ ಸಂಸ್ಥೆಗಳೇ ನೋಡಿಕೊಳ್ಳುತ್ತಿದ್ದ ಕಾಲ ಅದು. ಹೊರಗೆ ಉಳಿದವರಿಗಾಗಿ ಶುರುವಾದ ಪುಟ್ಟ ಕಚೇರಿ, ಆ ಹಳೆಯ ವ್ಯವಸ್ಥೆ ಸಡಿಲವಾದ ಮೇಲೆ ದೊಡ್ಡದಾಯಿತು. ಕಸ ವಿಲೇವಾರಿ, ಬೆಂಕಿ ಸುರಕ್ಷತೆಯ ತಪಾಸಣೆ, ವೃದ್ಧರ ನೆರವು, ಜಗಳ ರಾಜಿ ಹೀಗೆ ಕೆಲಸ ಬೆಳೆಯುತ್ತಲೇ ಹೋಯಿತು. 1954ರ ನಿಯಮವನ್ನು 2009ರಲ್ಲಿ ರದ್ದು ಮಾಡಿದರು. ಕಚೇರಿಗಳು ಮಾತ್ರ ಉಳಿದವು.

ಹೆಜ್ಜೆ 3: ಬೋರ್ಡಿನ ಹಿಂದಿರುವ ಹಳ್ಳಿ ಹುಡುಕಿ

ಬುಜಿ ಮೂಲತಃ ಹಕ್ಕಾ ಎಂಬ ಚೀನೀ ಸಮುದಾಯದ ಜನರ ಹಳ್ಳಿಗಳ ಪ್ರದೇಶ. 1911ರಲ್ಲಿ ಗುವಾಂಗ್‌ಝೌ ಮತ್ತು ಹಾಂಗ್‌ಕಾಂಗ್‌ನ ಕೌಲೂನ್ ನಡುವಿನ ರೈಲು ಮಾರ್ಗ ಇಲ್ಲಿ ಹಾದುಹೋಯಿತು. 1958ರ ನಂತರ ಊರೆಲ್ಲ ಕಮ್ಯೂನ್, ಅಂದರೆ ಒಟ್ಟಾಗಿ ಬೇಸಾಯ ಮಾಡುವ ಘಟಕ ಆಯಿತು. 1980ರ ದಶಕದಲ್ಲಿ ಕಮ್ಯೂನ್ ಮುಗಿದು ಬುಜಿ ಪಟ್ಟಣವಾಯಿತು. ಆಗ ಅದು ಬಾವೊಆನ್ ಕೌಂಟಿಯಲ್ಲಿತ್ತು. 1993ರಲ್ಲಿ ಕೌಂಟಿ ಒಡೆದು ಲಾಂಗ್‌ಗಾಂಗ್ ಜಿಲ್ಲೆ ಹುಟ್ಟಿದಾಗ ಬುಜಿ ಅದರ ಪಾಲಿಗೆ ಬಂತು.

ಈ ಊರಿಗೆ ನಮ್ಮ ಕರಾವಳಿಯ ನಂಟೂ ಇದೆ. ಮಂಗಳೂರಿಗೆ 1834ರಲ್ಲಿ ಬಂದ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆ ಬಾಸೆಲ್ ಮಿಷನ್, 1847ರಲ್ಲಿ ಹಾಂಗ್‌ಕಾಂಗ್‌ಗೂ ತನ್ನವರನ್ನು ಕಳಿಸಿತು. ಹಕ್ಕಾ ಜನರ ನಡುವೆ ಕೆಲಸ ಮಾಡುತ್ತಾ ಅವರು ಲಿಲಾಂಗ್ ಹಳ್ಳಿಯಲ್ಲಿ ನೆಲೆ ಮಾಡಿ ಕ್ರೈಸ್ತ ಧರ್ಮಶಾಸ್ತ್ರದ ಶಾಲೆ ನಡೆಸಿದರು. ಆ ಲಿಲಾಂಗ್ ಮುಂದೆ ಬುಜಿ ಪಟ್ಟಣಕ್ಕೇ ಸೇರಿತು. ಮಂಗಳೂರಿನ ಬಲ್ಮಠದಲ್ಲಿ ಮಿಷನ್ನಿನ ಹಳೆಯ ಕಟ್ಟಡಗಳನ್ನು ಕಂಡವರಿಗೆ ಇದು ಖುಷಿ ಕೊಡುವ ಸಂಗತಿ, ಅಲ್ವಾ?

ಹೆಜ್ಜೆ 4: ಗಡಿ ಎಲ್ಲಿತ್ತು ಎಂದು ನೋಡಿ

1980ರಲ್ಲಿ ಶೆನ್‌ಝೆನ್ ವಿಶೇಷ ಆರ್ಥಿಕ ವಲಯವಾಯಿತು. ಆದರೆ ಇಡೀ ನಗರವಲ್ಲ, ದಕ್ಷಿಣದ ಒಂದು ಪಟ್ಟಿ ಮಾತ್ರ. ವಲಯವನ್ನು ಬೇರೆ ಮಾಡಲು 80 ಕಿಲೋಮೀಟರಿಗೂ ಉದ್ದದ ಬೇಲಿ ಹಾಕಿದರು. ಅದಕ್ಕೆ ಜನ ಎರಡನೇ ಗೆರೆ ಎನ್ನುತ್ತಿದ್ದರು. ಹಾಂಗ್‌ಕಾಂಗ್ ಗಡಿ ಮೊದಲನೆಯದು. ಚೀನಾದವರೇ ಆದರೂ ಹೊರಗಿನಿಂದ ಬಂದವರು ಪರವಾನಗಿ ತೋರಿಸಿ ಒಳಗೆ ಹೋಗಬೇಕಿತ್ತು. ಬುಜಿ ಈ ಬೇಲಿಗೆ ಅಂಟಿಕೊಂಡೇ ಹೊರಗಿತ್ತು.

ಬುಜಿ ಹೇಗೆ ಬೆಳೆಯಿತು ಎಂಬುದು ಇದರಿಂದ ಗೊತ್ತಾಗುತ್ತದೆ. ಒಳಗೆ ಬಾಡಿಗೆ ದುಬಾರಿ, ಹೊರಗೆ ಅಗ್ಗ. ಆದರೂ ಹಾಂಗ್‌ಕಾಂಗ್ ಹತ್ತಿರ. 1989ರಲ್ಲಿ ಹುವಾಂಗ್ ಜಿಯಾಂಗ್ ಎಂಬ ಹಾಂಗ್‌ಕಾಂಗ್ ಚಿತ್ರ ವ್ಯಾಪಾರಿ ದಾಫೆನ್ ಹಳ್ಳಿಗೆ ಕಲಾವಿದರನ್ನು ಕರೆತಂದು ತೈಲಚಿತ್ರ ಬರೆಸಲು ಶುರು ಮಾಡಿದರು. ಅರ್ಧ ಚದರ ಕಿಲೋಮೀಟರ್ ಕೂಡ ಇಲ್ಲದ ಆ ಹಳ್ಳಿಯಿಂದ ಜಗತ್ತಿನ ಎಲ್ಲೆಡೆಯ ಮನೆ, ಹೋಟೆಲುಗಳಿಗೆ ಚಿತ್ರಗಳು ಹೋದವು. ಬರೆದವರ ಹೆಸರು ಹೆಚ್ಚಿನವುಗಳ ಮೇಲೆ ಇರಲಿಲ್ಲ. ಅವರ ಕೈಚಳಕಕ್ಕೆ ಇನ್ನೂ ಹೆಚ್ಚಿನ ಗೌರವ ಸಲ್ಲಬೇಕು ಎಂದು ನನಗೆ ಅನಿಸುತ್ತದೆ.

2010ರಲ್ಲಿ ಆರ್ಥಿಕ ವಲಯ ಇಡೀ ನಗರಕ್ಕೆ ಹರಡಿತು. ಅದೇ ವರ್ಷದ ಕೊನೆಗೆ ಮೆಟ್ರೊ 3ನೇ ಮಾರ್ಗ ಬುಜಿ, ದಾಫೆನ್ ಮುಟ್ಟಿತು. ಎರಡನೇ ಗೆರೆ ಅಧಿಕೃತವಾಗಿ ರದ್ದಾಗಲು 2018 ಬರಬೇಕಾಯಿತು.

ಹೆಜ್ಜೆ 5: 2004ನೇ ಇಸವಿಗೆ ಗುರುತು ಹಾಕಿಕೊಳ್ಳಿ

ಆ ವರ್ಷ ಶೆನ್‌ಝೆನ್ ತನ್ನ ಹೊರವಲಯದ ಪಟ್ಟಣಗಳನ್ನೆಲ್ಲ ಜಿಯೆದಾವೊ ಮಾಡಿತು. ಬುಜಿಯೂ ಅದರಲ್ಲಿತ್ತು. ಸುಮ್ನೆ ಬೋರ್ಡು ಬದಲಿಸಿದ್ದಲ್ಲ ಇದು. ಸುಮಾರು 2.7 ಲಕ್ಷ ಹಳ್ಳಿಗರು ಕಾಗದದ ಮೇಲೆ ನಗರವಾಸಿಗಳಾದರು. ಹಳ್ಳಿಗೆ ಸೇರಿದ್ದ ಜಮೀನು ಸರ್ಕಾರದ್ದಾಯಿತು. ಪಟ್ಟಣದ ಪ್ರತಿನಿಧಿ ಸಭೆ ಇಲ್ಲವಾಯಿತು. ನೇರ ಮತ ಹಾಕಲು ಉಳಿದದ್ದು ಜಿಲ್ಲೆಯ ಸಭೆಗೆ. ಪಟ್ಟಣದ ಸಭೆಗಿಂತ ಅದು ಮತದಾರರಿಂದ ಒಂದು ಮೆಟ್ಟಿಲು ದೂರ. ಈ ಬದಲಾವಣೆಯಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಇದೇ.

ಹಾಗಂತ ಹಳ್ಳಿ ಅಳಿಯಲಿಲ್ಲ. ಹಳೆಯ ಹಳ್ಳಿಗರು ಪಾಲುದಾರರಾಗಿರುವ ಷೇರು ಸಹಕಾರಿ ಕಂಪನಿಗಳು ಉಳಿದವು. ಅವು ಕಟ್ಟಡ ಬಾಡಿಗೆಗೆ ಕೊಟ್ಟು ಲಾಭ ಹಂಚುತ್ತವೆ. ಬಡಾವಣೆಯಲ್ಲಿ ಯಾರ ಮಾತು ನಡೆಯುತ್ತದೆ ಎಂದು ತಿಳಿಯಲು ಜಿಯೆದಾವೊ ಕಚೇರಿಯ ಜೊತೆ ಈ ಕಂಪನಿಯನ್ನೂ ನೋಡಲೇಬೇಕು. ಒತ್ತೊತ್ತಾಗಿ ಎದ್ದ ಹಳ್ಳಿಮನೆಗಳಲ್ಲಿ ಬಾಡಿಗೆಗೆ ಇರುವವರು ಬಹುತೇಕ ಬೇರೆ ಊರು, ಬೇರೆ ಪ್ರಾಂತ್ಯಗಳಿಂದ ಬಂದ ದುಡಿಯುವ ಜನ. ಊರು ನಡೆಯುವುದು ಅವರಿಂದ. ಆದರೆ ಅವರಿಗೆ ಷೇರೂ ಇಲ್ಲ, ಎಷ್ಟೋ ಜನರಿಗೆ ಇಲ್ಲಿನ ಹುಕೋ, ಅಂದರೆ ಕುಟುಂಬದ ನೋಂದಣಿಯೂ ಇಲ್ಲ. ಮಕ್ಕಳ ಸರ್ಕಾರಿ ಶಾಲೆ ಸೀಟಿಗೆ ಅವರು ಜಾಸ್ತಿ ಪರದಾಡಬೇಕು. ಇದು ನ್ಯಾಯವಲ್ಲ.

ಹಳೆಯ ಬುಜಿ ತುಂಬಾ ದೊಡ್ಡದಿತ್ತು. 2006ರಲ್ಲಿ ಅದರಿಂದ ಬಾನ್‌ತಿಯೆನ್, ನಾನ್‌ವಾನ್ ಬೇರೆಯಾದವು. ಹುವಾವೆ ಪ್ರಧಾನ ಕಚೇರಿ ಇರುವುದು ಬಾನ್‌ತಿಯೆನ್‌ನಲ್ಲಿ. ಮುಂದೆ ಜಿಹುವಾ ಕೂಡ ಬೇರೆಯಾಯಿತು. ಹಾಗಾಗಿ ಹಳೆಯ ದಾಖಲೆಯಲ್ಲಿ ‘ಬುಜಿ’ ಎಂದು ಕಂಡರೆ ಇಸವಿ ನೋಡದೆ ಮುಂದೆ ಹೋಗಬೇಡಿ.

ಹೆಜ್ಜೆ 6: ಯಾವ ಕೆಲಸಕ್ಕೆ ಯಾರ ಬಾಗಿಲು?

ಜಿಯೆದಾವೊ ಕೆಳಗೆ ಶೆಚ್ಯುಗಳಿವೆ. ಅಲ್ಲಿ ನಿವಾಸಿಗಳ ಸಮಿತಿ ಇರುತ್ತದೆ. ಕಾನೂನಿನ ಪ್ರಕಾರ ಅದು ಜನರ ಸ್ವಯಂ ಆಡಳಿತ ಸಂಸ್ಥೆ. ನಡೆಯುವಾಗ ಮೇಲಿನಿಂದ ಬಂದ ಕೆಲಸವನ್ನೇ ಬಹಳ ಮಾಡುತ್ತದೆ. ಅದರ ಪ್ರದೇಶವನ್ನೂ ಸಣ್ಣ ಚೌಕಗಳಾಗಿ ಹಂಚಿ, ಒಂದೊಂದಕ್ಕೂ ಒಬ್ಬ ಸಿಬ್ಬಂದಿ ಇಟ್ಟಿರುತ್ತಾರೆ. ಕಸ, ಸೋರುವ ಚರಂಡಿ, ಪಕ್ಕದ ಮನೆಯ ಗಲಾಟೆಗೆ ಮೊದಲು ಶೆಚ್ಯು ಕಚೇರಿಗೆ ಹೋಗಿ.

ಪೊಲೀಸ್ ಠಾಣೆ ಮಾತ್ರ ಬೇರೆ. ಅದು ಸಾರ್ವಜನಿಕ ಭದ್ರತಾ ಇಲಾಖೆಗೆ ಸೇರಿದ್ದು. ಹೋಟೆಲ್ ಬಿಟ್ಟು ಬೇರೆ ಮನೆಯಲ್ಲಿ ಉಳಿಯುವ ವಿದೇಶಿಯರು, ಬಂದ 24 ಗಂಟೆಯೊಳಗೆ ತಾವೇ ಅಥವಾ ಉಳಿಸಿಕೊಂಡ ಮನೆಯವರ ಮೂಲಕ ಅಲ್ಲಿ ಹೆಸರು ನೋಂದಾಯಿಸಬೇಕು. ಪಾಸ್‌ಪೋರ್ಟ್ ಮತ್ತು ಬಾಡಿಗೆ ಕರಾರು ಕೈಯಲ್ಲಿರಲಿ. ಒಂದೇ ಜಿಯೆದಾವೊ ಒಳಗೆ ಮನೆ ಬದಲಿಸಿದರೂ ಹೊಸ ವಿಳಾಸವನ್ನು ಮತ್ತೆ ನೋಂದಾಯಿಸಿ.