ನೂತನ್ ಸಿನಿಮಾ ನೋಡಲು ಶುರು ಮಾಡುವವರಿಗೆ

“ಚಿಗವ್ವ, ನೂತನ್ ಸಿನಿಮಾ ನೋಡಬೇಕು. ಯಾವುದರಿಂದ ಶುರು ಮಾಡಲಿ?” ಅಂತ ಮೊನ್ನೆ ಅಕ್ಕನ ಮಗಳು ಕೇಳಿದಳು. ಹಿಂದಿಯ ಹಳೆಯ ನಟಿ ನೂತನ್ ಬಗ್ಗೆ ಕೇಳಿದರೆ ಎಲ್ಲರೂ ‘ಬಂದಿನಿ’ ಸಿನಿಮಾ ಅಂತಾರೆ. ನಾನು ಬೇಡ ಅಂದೆ. ಮೊದಲು ನಗುವ ನೂತನ್ ಅವರನ್ನು ನೋಡಬೇಕು, ಆಮೇಲೆ ಸುಮ್ಮನಿರುವ ನೂತನ್ ಅವರನ್ನು. ಮಾತು ನಿಂತ ಕಡೆ ಅವರ ನಟನೆ ಶುರುವಾಗುತ್ತದೆ. ಅದು ಕಣ್ಣಿಗೆ ಬೀಳಬೇಕಾದರೆ ಸ್ವಲ್ಪ ತಯಾರಿ ಬೇಕು.

ಮೊದಲು ಟಿವಿ ಸರಿ ಮಾಡಿಕೊಳ್ಳಿ. ಆ ಕಾಲದ ಕಪ್ಪು-ಬಿಳುಪು ಸಿನಿಮಾಗಳ ಚೌಕಟ್ಟು ಹೆಚ್ಚುಕಡಿಮೆ 4:3 ಅಳತೆಯದು. ಈಗಿನ ಟಿವಿ 16:9. ಪರದೆ ತುಂಬಲಿ ಅಂತ ಚಿತ್ರವನ್ನು ಎಳೆದರೆ ಎಲ್ಲರ ಮುಖವೂ ಅಡ್ಡಡ್ಡ ಉಬ್ಬುತ್ತದೆ. ನೂತನ್ ಅವರ ಉದ್ದ ಕುತ್ತಿಗೆ, ತೆಳ್ಳಗಿನ ಕೆನ್ನೆ ಎಲ್ಲ ಹಾಳು. ರಿಮೋಟ್‌ನಲ್ಲಿ ಪಿಕ್ಚರ್ ಸೈಜ್ ಹುಡುಕಿ 4:3ಕ್ಕೆ ಇಡಿ. ಎರಡೂ ಬದಿಗೆ ಕಪ್ಪು ಪಟ್ಟಿ ಬರುತ್ತದೆ, ಬರಲಿ ಬಿಡಿ. ಬಣ್ಣ, ಹೊಳಪು ಹೆಚ್ಚಿಸುವ ವಿವಿಡ್ ಮೋಡ್ ಇದ್ದರೆ ತೆಗೆಯಿರಿ. ಮೊಬೈಲ್‌ನಲ್ಲಂತೂ ನೋಡಲೇಬೇಡಿ. ಅವರು ರೆಪ್ಪೆ ಇಳಿಸಿದ್ದು ಅಷ್ಟು ಸಣ್ಣ ಪರದೆಯಲ್ಲಿ ಕಾಣುವುದಿಲ್ಲ.

ಹಿಂದಿ ಬರದವರು ಜೊತೆಗಿದ್ದರೆ ಕಥೆಯನ್ನು ಮೊದಲೇ ಹೇಳಿಬಿಡಿ. ನಮ್ಮ ಓಣಿಯ ಹೆಣ್ಣುಮಕ್ಕಳು ಸೇರಿದಾಗ ನಾನು ಹೀಗೇ ಮಾಡುತ್ತೇನೆ. ಚಹಾ ಕುಡಿಯುತ್ತಾ ಅರ್ಧ ಕಥೆ ಹೇಳಿ, ಆಮೇಲೆ ಸಿನಿಮಾ ಹಚ್ಚುತ್ತೇನೆ. ಸಬ್‌ಟೈಟಲ್ ಓದುವುದರಲ್ಲೇ ಕಣ್ಣು ಕೆಳಗಿದ್ದರೆ ಮುಖ ನೋಡೋರು ಯಾರು?

ಈಗ ಸಿನಿಮಾ. ‘ತೇರೆ ಘರ್ ಕೆ ಸಾಮ್ನೆ’ಯಿಂದ ಶುರು ಮಾಡಿ. 1963ರದ್ದು, ವಿಜಯ್ ಆನಂದ್ ನಿರ್ದೇಶನ, ಜೊತೆಗೆ ದೇವ್ ಆನಂದ್. ಶೀರ್ಷಿಕೆ ಗೀತೆಯಲ್ಲಿ ದೇವ್ ಆನಂದ್ ಕೈಯಲ್ಲಿರುವ ಗ್ಲಾಸಿನೊಳಗೆ ನೂತನ್ ಕಾಣಿಸಿಕೊಳ್ಳುತ್ತಾರೆ. ಗ್ಲಾಸಿಗೆ ಐಸ್ ಬಿದ್ದಾಗ ಒಳಗಿದ್ದವರು ಚಳಿಗೆ ನಡುಗುತ್ತಾರೆ! ಎಷ್ಟು ಹಗುರವಾಗಿ, ಎಷ್ಟು ಖುಷಿಯಿಂದ ಮಾಡಿದ್ದಾರೆ ನೋಡಿ. ಈ ಮುಖವನ್ನು ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಎರಡನೆಯದಾಗಿ 1955ರ ‘ಸೀಮಾ’. ಅವರಿಗೆ ಮೊದಲ ಫಿಲ್ಮ್‌ಫೇರ್ ಪ್ರಶಸ್ತಿ ತಂದದ್ದು ಇದೇ. ‘ಮನಮೋಹನಾ ಬಡೇ ಝೂಠೆ’ ಹಾಡು ಬಂದಾಗ ಬರೀ ಗಂಟಲು ನೋಡಿ. ಹಾಡಿದ್ದು ಲತಾ ಮಂಗೇಶ್ಕರ್. ಆದರೆ ಉಸಿರು ಎಲ್ಲಿ ತೆಗೆದುಕೊಳ್ಳಬೇಕು, ಸ್ವರಗಳು ಸರಸರನೆ ಓಡುವ ತಾನ್ ಬಂದಾಗ ಕುತ್ತಿಗೆ ಹೇಗೆ ಬಿಗಿಯುತ್ತದೆ ಅನ್ನುವುದೆಲ್ಲ ಹಾಡು ಬಲ್ಲವರಿಗೇ ಗೊತ್ತಿರುವಂಥದ್ದು. ನೂತನ್ ಸ್ವತಃ ಹಾಡುತ್ತಿದ್ದರು. 1960ರಲ್ಲಿ ತಾಯಿ ಶೋಭನಾ ಸಮರ್ಥ್ ತೆಗೆದ ‘ಛಬೀಲಿ’ಯಲ್ಲಿ ಅವರದೇ ದನಿ ಇದೆ.

ಆಮೇಲೆ ಬಿಮಲ್ ರಾಯ್ ನಿರ್ದೇಶನದ ಎರಡು ಸಿನಿಮಾ. ‘ಸುಜಾತಾ’ 1959ರದ್ದು. ಅಸ್ಪೃಶ್ಯ ಜಾತಿಯ ಅನಾಥ ಮಗುವನ್ನು ಬ್ರಾಹ್ಮಣರ ಮನೆಯಲ್ಲಿ ಸಾಕುತ್ತಾರೆ. ಬಂದವರಿಗೆ ಆಕೆಯನ್ನು “ಮಗಳಿದ್ದ ಹಾಗೆ” ಅಂತ ಪರಿಚಯಿಸುತ್ತಾರೆ. ಆ ಮಾತು ಬಂದಾಗಲೆಲ್ಲ ಹೇಳಿದವರನ್ನು ಬಿಟ್ಟು ಕೇಳಿಸಿಕೊಂಡ ಸುಜಾತಾಳನ್ನು ನೋಡಿ. ನಂತರ ಫೋನಿನ ಹಾಡು. ತಲತ್ ಮಹಮೂದ್ ದನಿಯಲ್ಲಿ ಸುನಿಲ್ ದತ್ ಹಾಡುತ್ತಾರೆ, ಈ ಕಡೆ ನೂತನ್ ರಿಸೀವರ್ ಹಿಡಿದು ನಿಂತಿದ್ದಾರೆ, ಅಷ್ಟೇ. ಹಾಡು ಮುಗಿದ ಮೇಲೆ ಸೌಂಡ್ ಬಂದ್ ಮಾಡಿ ಇನ್ನೊಮ್ಮೆ ನೋಡಿ. ಸದ್ದಿಲ್ಲದೆಯೂ ಎಲ್ಲ ಕೇಳಿಸುತ್ತದೆ. ಹಿಂದಿ ಸಿನಿಮಾದಲ್ಲಿ ಇಷ್ಟು ಚೆನ್ನಾಗಿ ಕೇಳಿಸಿಕೊಂಡವರು ಇನ್ನೊಬ್ಬರಿಲ್ಲ ಅಂತ ನನ್ನ ನಂಬಿಕೆ.

ಈಗ ‘ಬಂದಿನಿ’. ಅದೂ 1963ರದ್ದೇ. ಗ್ಲಾಸಿನೊಳಗೆ ನಡುಗಿ ನಕ್ಕ ಹುಡುಗಿ ಅದೇ ವರ್ಷ ಇಲ್ಲಿ ಕೊಲೆ ಮಾಡಿ ಜೈಲು ಸೇರಿದ ಕಲ್ಯಾಣಿ. ಮೊದಲು ನಗುವ ಸಿನಿಮಾ ನೋಡಿ ಅಂದಿದ್ದು ಇದಕ್ಕೇ. ಇದನ್ನು ಊಟದ ನಡುವೆ ನೋಡಬೇಡಿ. ವಿಷ ಬೆರೆಸುವ ದೃಶ್ಯದಲ್ಲಿ ನೂತನ್ ಅವರಿಗೆ ಮಾತೇ ಇಲ್ಲ. ಹೊರಗೆ ಕಬ್ಬಿಣ ಬಡಿಯುವ ಸದ್ದು. ಬೆಸುಗೆಯ ಬೆಳಕು ಅವರ ಮುಖದ ಮೇಲೆ ಬಂದು ಬಂದು ಹೋಗುತ್ತದೆ. ಆ ಬೆಳಕು ಬಂದಾಗಲೊಮ್ಮೆ ಮುಖ ಬೇರೆಯಾಗಿರುತ್ತದೆ. ಸಿಟ್ಟು, ದುಃಖ, ಸೋಲು ಅಂತ ಒಂದೊಂದಕ್ಕೂ ಹೆಸರಿಡಲು ಹೋಗಬೇಡಿ. ಸುಮ್ನೆ ನೋಡಿ.

ಇನ್ನು ನನಗೆ ಎಲ್ಲಕ್ಕಿಂತ ಹತ್ತಿರದ್ದು, 1973ರ ‘ಸೌದಾಗರ್’. ಜನ ಇದನ್ನು ಅಮಿತಾಭ್ ಸಿನಿಮಾ ಅಂತ ನೋಡುತ್ತಾರೆ. ಮಹಾಲಿಂಗಪುರದವರು ಹಾಗೆ ನೋಡಲಿಕ್ಕೆ ಆಗುವುದಿಲ್ಲ. ನಮ್ಮದು ಬೆಲ್ಲದ ಊರು, ನಾನು ಗಾಣದ ಮನೆಯ ಸೊಸೆ. ಇದರಲ್ಲಿ ನೂತನ್ ಬೆಲ್ಲ ಕಾಸುವ ಮಜೂಬಿ. ನಮ್ಮದು ಕಬ್ಬಿನ ಹಾಲು, ಅಲ್ಲಿ ಖರ್ಜೂರದ ಮರದ ರಸ, ಆದರೆ ಕೆಲಸ ಒಂದೇ. ಎಲ್ಲ ಹದದಲ್ಲಿದೆ. ನಮ್ಮಲ್ಲಿ ಪಾಕದ ಹನಿಯನ್ನು ತಣ್ಣೀರಿಗೆ ಬಿಟ್ಟು ನೋಡುತ್ತಾರೆ, ಮೆತ್ತಗೆ ಉಂಡೆ ಕಟ್ಟಿದರೆ ಇಳಿಸುವ ಹೊತ್ತು. ಸ್ವಲ್ಪ ತಡವಾದರೂ ಕೊಪ್ಪರಿಗೆಯೇ ಹಾಳು. ಅಮಿತಾಭ್ ಮಾಡಿದ ಮೋತಿ, ಮಜೂಬಿಯನ್ನು ಮದುವೆಯಾಗುವುದು ಆ ಕೈಗುಣಕ್ಕಾಗಿ. ದುಡ್ಡು ಕೂಡಿದ ಮೇಲೆ ಆಕೆಯನ್ನು ಬಿಟ್ಟು ಚೆಲುವೆಯೊಬ್ಬಳನ್ನು ತರುತ್ತಾನೆ. ಹೊಸ ಹೆಂಡತಿಗೆ ಹದ ಬರುವುದಿಲ್ಲ. ಬೆಲ್ಲ ಕೆಡುತ್ತದೆ, ವ್ಯಾಪಾರ ಬೀಳುತ್ತದೆ.

ಇಲ್ಲಿ ನೂತನ್ ಅವರ ಕೈ ನೋಡಿ. ಒಲೆಯ ಮುಂದೆ ಕೂತವರ ಭುಜ, ಹೊಗೆಗೆ ಕಿರಿದಾದ ಕಣ್ಣು ನೋಡಿ. ನನ್ನ ಅತ್ತೆ ಗಾಣದಲ್ಲಿ ದುಡಿದವರು. ಅವರು ಈ ಸಿನಿಮಾ ನೋಡಿ, “ಈಕೆ ಬೆಲ್ಲ ಮಾಡಿದಾಕಿನೇ” ಅಂದರು. ಯಾವ ಪ್ರಶಸ್ತಿಗಿಂತಲೂ ನಾನು ಆ ಮಾತನ್ನು ಹೆಚ್ಚು ನಂಬುತ್ತೇನೆ. ಪ್ರಶಸ್ತಿಗಳೂ ಕಡಿಮೆ ಇಲ್ಲ ಬಿಡಿ. ಶ್ರೇಷ್ಠ ನಟಿ ಅಂತಲೇ ಐದು ಫಿಲ್ಮ್‌ಫೇರ್, 1974ರಲ್ಲಿ ಪದ್ಮಶ್ರೀ.

ಇಷ್ಟು ನೋಡಿದ ಮೇಲೆ ‘ಮಿಲನ್’, ‘ಸರಸ್ವತಿಚಂದ್ರ’, ‘ಅನಾಡಿ’ ಯಾವ ಕ್ರಮದಲ್ಲಿ ನೋಡಿದರೂ ನಡೆಯುತ್ತದೆ. 1985ರ ‘ಮೇರಿ ಜಂಗ್’ ಮಾತ್ರ ಕೊನೆಗೆ ಇರಲಿ. ಅದರಲ್ಲಿ ಅವರು ಅನಿಲ್ ಕಪೂರ್ ತಾಯಿ, ಪಾತ್ರ ಚಿಕ್ಕದು. ಮೊದಲೇ ನೋಡಿದರೆ ಯಾರೋ ಒಬ್ಬ ತಾಯಿ ಅನ್ನಿಸಿ ದಾಟಿಹೋಗುತ್ತದೆ. ಕಲ್ಯಾಣಿ, ಮಜೂಬಿಯರನ್ನು ನೋಡಿ ಬಂದವರಿಗೆ ಅವರು ಬಾಗಿಲಲ್ಲಿ ಬಂದು ನಿಂತರೂ ಸಾಕಾಗುತ್ತದೆ.